ಪುಸ್ತಕಭಂಡಾರದ ಬೆಂಕಿಯೂ ಚಳಿಯೂ

ಕೈಬರಹದ ಕಾಲದಲ್ಲಿ ಗ್ರಂಥವೊಂದನ್ನು ಬರೆದು ಮುಗಿಸಿದ ಲಿಪಿಕಾರನು ಕಡೆಯ ಗರಿಯಲ್ಲಿ ಒಂದೆರಡು ಶ್ಲೋಕಗಳನ್ನು ಸೇರಿಸುವುದು ವಾಡಿಕೆಯಾಗಿದ್ದಿತು. ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ಈ ಪುಸ್ತಕವನ್ನು ರಕ್ಷಿಸಬೇಕು, ಮೂರ್ಖನ ಕೈಗೆ ಕೊಡಬಾರದು ಎಂಬುದು ಒಂದರ ತಾತ್ಪರ್ಯ. ಬೆಂಕಿ, ಕಳ್ಳರು, ಇಲಿಗಳು ಇವುಗಳನ್ನು ಹೆಸರಿಸುವ ಶ್ಲೋಕವೂ ಉಂಟು. ಇನ್ನೊಂದರಲ್ಲಿ ಲಿಪಿಕಾರನು ತನ್ನ ಮೈಯ ಸ್ಥಿತಿಯನ್ನೇ ತೋಡಿಕೊಳ್ಳುವನು: ಬೆನ್ನು, ಸೊಂಟ, ಕತ್ತುಗಳು ಮುರಿದು, ತಲೆ ಬಗ್ಗಿ, ಕಷ್ಟಪಟ್ಟು ಬರೆದುದು ಇದು, ಎಂದು. ಪುಸ್ತಕದ ಕ್ಷೇಮ ಒಂದು, ಪುಸ್ತಕವನ್ನು ನೋಡಿಕೊಳ್ಳುವವನ ಕ್ಷೇಮ ಇನ್ನೊಂದು, ಎಂಬುದನ್ನು ಆ ಲಿಪಿಕಾರರು ಬಲ್ಲವರಾಗಿದ್ದರು. ಪಶ್ಚಿಮ ದೇಶಗಳ ವಿಶ್ವವಿದ್ಯಾನಿಲಯಗಳು ಮೊದಲನೆಯದಕ್ಕೆ ಬಹು ಹಿಂದೆಯೇ ಕಟ್ಟಳೆಗಳನ್ನು ಮಾಡಿಕೊಂಡವು. ಎರಡನೆಯದು ಅವುಗಳ ಕಣ್ಣಿಗೆ ಬೀಳುವುದಕ್ಕೆ ಶತಮಾನಗಳೇ ಬೇಕಾದವು. ಆಕ್ಸ್‌ಫರ್ಡಿನ ಬಾಡ್ಲಿಯನ್ ಪುಸ್ತಕಭಂಡಾರದ ಚರಿತ್ರೆಯಲ್ಲಿ ಈ ಸಂಗತಿಯು ವಿಶದವಾಗಿ ಕಾಣುತ್ತದೆ.

ಆ ವಿಶ್ವವಿದ್ಯಾನಿಲಯಕ್ಕೆ ಹದಿನೈದನೆಯ ಶತಮಾನದಲ್ಲಿಯೇ ಒಂದು ಪುಸ್ತಕಶಾಲೆ ಇದ್ದಿತು. ಡ್ಯೂಕ್ ಹಂಫ್ರಿಯೆಂಬ ರಾಜಬಂಧುವು ದಾನವಾಗಿ ಕೊಟ್ಟ ಗ್ರಂಥಗಳಿಗಾಗಿ ಕಟ್ಟಿದ ಆ ಶಾಲೆಯನ್ನು 1488ರಲ್ಲಿ ತೆರೆದರು. ಆದರೆ 1550ರಲ್ಲಿ ಆರನೆಯ ಎಡ್ವರ್ಡನ ಅಧಿಕಾರಿಗಳು ಮತಶುದ್ಧಿಯ ಹೆಸರಿನಲ್ಲಿ ಅದನ್ನು ಬರಿದುಮಾಡಿದರು. ಕೆಲವೇ ವರ್ಷಗಳಲ್ಲಿ ಅಲ್ಲಿದ್ದ ಮರದ ಸಾಮಾನನ್ನೂ ಮಾರಿಬಿಟ್ಟರು. ಸರ್ ಥಾಮಸ್ ಬಾಡ್ಲಿಯು ರಾಯಭಾರದ ಕೆಲಸದಿಂದ ನಿವೃತ್ತನಾಗಿ ಬಂದು, 1598ರಲ್ಲಿ ಅದನ್ನು ತನ್ನ ವೆಚ್ಚದಿಂದ ಪುನರುದ್ಧಾರ ಮಾಡುವೆನೆಂದು ವಿಶ್ವವಿದ್ಯಾನಿಲಯಕ್ಕೆ ಬರೆದಾಗ ಉಳಿದಿದ್ದುದು ಬರಿಯ ಗೋಡೆ ಮತ್ತು ಮಾಡು. 1602ರ ನವೆಂಬರ್ 8ರಂದು ಭಂಡಾರವು ಮತ್ತೆ ತೆರೆಯಿತು. ಒಮ್ಮೆ ಸೂರೆಹೋದ ಮನೆಯನ್ನು ಮತ್ತೆ ತುಂಬಿದವನಿಗೆ ಬೀಗದ ಮೇಲೆ ಹೆಚ್ಚಿನ ಮಮತೆಯಿರುವುದು ಸಹಜವಷ್ಟೆ. ದೊಡ್ಡ ಪುಸ್ತಕಗಳನ್ನು ಸರಪಳಿಯಿಂದ ಕಪಾಟುಗಳಿಗೆ ಬಿಗಿಸಿದರು. ಯಾವ ಪುಸ್ತಕವೂ ಹೊರಕ್ಕೆ ಹೋಗಕೂಡದೆಂಬ ವಿಧಿ ಏರ್ಪಟ್ಟಿತು. ಒಳಗೆ ಬರುವ ಪ್ರತಿಯೊಬ್ಬನೂ, ಪುಸ್ತಕಗಳನ್ನು ಕೆಡಿಸುವುದಿಲ್ಲವೆಂದೂ ಬೆಂಕಿಯನ್ನಾಗಲಿ ಉರಿಯುವ ದೀಪವನ್ನಾಗಲಿ ತರುವುದಿಲ್ಲವೆಂದೂ ಪ್ರಮಾಣಮಾಡಬೇಕಾಯಿತು. ಈ ಪ್ರತಿಜ್ಞೆಯು ಇಂದಿಗೂ ಅಲ್ಲಿ ಬಳಕೆಯಲ್ಲಿದೆ.

ಬಾಡ್ಲಿಯ ಮೊದಲನೆಯ ಗ್ರಂಥಪಾಲನು ಥಾಮಸ್ ಜೇಮ್ಸ್ ಎಂಬ ವಿದ್ವಾಂಸನು. ಗ್ರಂಥಪಾಲನು ಅವಿವಾಹಿತನಾಗಿರಬೇಕೆಂಬುದು ಸ್ಥಾಪಕನ ಅಭಿಪ್ರಾಯ. ಸಂಸಾರದ ತೊಡಕು ಭಂಡಾರದ ಕೆಲಸಕ್ಕೆ ಅಡ್ಡಿಯೆಂದು ಆತನು ಎಣಿಸಿದ್ದನು. ಜೇಮ್ಸನು ಮದುವೆಗೆ ಅನುಮತಿಯನ್ನು ಬೇಡಿದಾಗ ಬಾಡ್ಲಿಯು ಬಹಳ ಗೊಣಗಿ, ಕಡೆಗೆ ಒಪ್ಪಿದನು. 1605ರಲ್ಲಿ ಜೇಮ್ಸನು ಭಂಡಾರದ ಪುಸ್ತಕಗಳ ಪಟ್ಟಿಯನ್ನು ಅಚ್ಚುಹಾಕಿಸಿದನು. 1620ರಲ್ಲಿ ದೇಹಸ್ಥಿತಿಯು ಕೆಟ್ಟುದರಿಂದ ಹುದ್ದೆಯನ್ನು ಬಿಟ್ಟನು. ಚಳಿಯೇ ಅದಕ್ಕೆ ಕಾರಣವೆಂದು ಹೇಳುವ ಹಾಗಿಲ್ಲ. ಆದರೆ ಇಂಗ್ಲೆಂಡಿನ ಮಾಗಿಯ ಚಳಿಯಲ್ಲಿ, ಅಗ್ಗಿಷ್ಟಿಕೆಯಿಲ್ಲದ ಕಲ್ಲಿನ ಮಹಡಿಯಲ್ಲಿ, ಮುಟ್ಟಿದರೆ ಕೊರೆಯುವ ಸರಪಳಿಗಳ ನಡುವೆ ದಿನವೆಲ್ಲ ಕುಳಿತು ಬರೆಯುವವನ ಬೆರಳುಗಳ ಪಾಡನ್ನು ಯಾರೂ ಊಹಿಸಿಕೊಳ್ಳಬಹುದು. ಓದುವವನು ಚಳಿ ತಡೆಯದಿದ್ದರೆ ಎದ್ದು ಮನೆಗೆ ಹೋಗಬಹುದಾಗಿದ್ದಿತು, ಗ್ರಂಥಪಾಲನು ಹೋಗುವಂತಿರಲಿಲ್ಲ.

ಹಾಗಾದರೆ ಬಾಡ್ಲಿಯ ಕಟ್ಟಳೆಯು ಬರಿಯ ನಿಷ್ಕರುಣೆಯೇ? ಅದನ್ನು ಕೈಬಿಟ್ಟ ಕಡೆ ನಡೆದುದನ್ನು ನೋಡಿದರೆ ಹಾಗೆನ್ನಲು ಬಾಯಿ ಬರುವುದಿಲ್ಲ. ಅಮೆರಿಕೆಯ ಹಾರ್ವರ್ಡ್ ಕಾಲೇಜಿನಲ್ಲಿ ಪುಸ್ತಕಶಾಲೆಗೆ ಒಲೆಯಿದ್ದಿತು. 1764ರ ಜನವರಿಯಲ್ಲಿ ಬಾಸ್ಟನ್ ನಗರದಲ್ಲಿ ಸಿಡುಬು ಹರಡಿದುದರಿಂದ, ಮ್ಯಾಸಚೂಸೆಟ್ಸಿನ ಶಾಸನಸಭೆಯು ಕೇಂಬ್ರಿಜ್ ಊರಿಗೆ ಬಂದು ಆ ಕಾಲೇಜಿನ ಕಟ್ಟಡದಲ್ಲಿಯೇ ಸೇರುತ್ತಿದ್ದಿತು. ವಿದ್ಯಾರ್ಥಿಗಳು ರಜದಲ್ಲಿ ಊರುಗಳಿಗೆ ಹೋಗಿದ್ದರು. 24ನೆಯ ತಾರೀಖಿನ ರಾತ್ರಿ ಹಿಮದ ಬಿರುಗಾಳಿಯಲ್ಲಿ ಕಟ್ಟಡವೆಲ್ಲ ಹೊತ್ತಿಕೊಂಡಿತು. ಪುಸ್ತಕಶಾಲೆಯ ಒಲೆಯ ಅಡಿಯಲ್ಲಿದ್ದ ತೊಲೆಗೆ ಕಿಡಿ ತಗುಲಿ ಒಳಗೊಳಗೇ ಉರಿದಿರಬೇಕೆಂದು ಅಂದು ತೀರ್ಮಾನಿಸಿದರು. ಸುಮಾರು 5,000 ಸಂಪುಟಗಳಲ್ಲಿ ಉಳಿದುವು ನಾನೂರರಷ್ಟು. ಎರವಲು ಹೋಗಿದ್ದುವು ಮತ್ತು ಹೊಸದಾಗಿ ಬಂದು ಇನ್ನೂ ಕಪಾಟಿಗೆ ಏರದಿದ್ದುವು. ಕಾಲೇಜಿಗೆ ಹೆಸರನ್ನು ಕೊಟ್ಟ ಜಾನ್ ಹಾರ್ವರ್ಡನು 1638ರಲ್ಲಿ ಬಿಟ್ಟುಹೋಗಿದ್ದ ಪುಸ್ತಕಗಳ ಪೈಕಿ ಒಂದೇ ಒಂದು, ಅದೂ ಎರವಲು ಹೋಗಿದ್ದುದರಿಂದ, ಉಳಿಯಿತು.

ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಬೆಂಕಿಯು ಹೊರಗಿನಿಂದ ಬಂದಿತು. 1728ರ ಅಕ್ಟೋಬರಿನಲ್ಲಿ ನಗರವು ಮೂರು ನಾಲ್ಕು ದಿನಗಳು ಉರಿದಾಗ, ಟ್ರಿನಿಟಾಟಿಸ್ ಚರ್ಚಿನ ಮಾಡಿನಡಿಯ ಅಟ್ಟದಲ್ಲಿದ್ದ ವಿಶ್ವವಿದ್ಯಾನಿಲಯದ ಭಂಡಾರವು ಬೂದಿಯಾಯಿತು. ಅಲ್ಲಿಯ ಪ್ರಾಧ್ಯಾಪಕನೂ ಐಸ್‌ಲೆಂಡಿನ ಪ್ರಾಚೀನ ಗ್ರಂಥಗಳ ಸಂಗ್ರಾಹಕನೂ ಆದ ಆರ್ನಿ ಮಾಗ್ನುಸ್ಸನ್ನನು ಬೆಂಕಿಯು ತನ್ನ ಮನೆಯವರೆಗೆ ಬರಲಾರದೆಂದು ತಡಮಾಡಿದನು. ಕಡೆಯ ಗಳಿಗೆಯಲ್ಲಿ ಸ್ನೇಹಿತರೊಡನೆ ಗಾಡಿಗಳಿಗೆ ತುಂಬಿ ಹಸ್ತಪ್ರತಿಗಳಲ್ಲಿ ಬಹುಭಾಗವನ್ನು ಉಳಿಸಿದನು. ಅಚ್ಚಿನ ಪುಸ್ತಕಗಳು ಬಹುಮಟ್ಟಿಗೆ ಹೋದವು. ಯಾವುದನ್ನು ಮೊದಲು ಹೊರಕ್ಕೆ ಸಾಗಿಸಬೇಕೆಂಬುದನ್ನು ಮುಂಚಿತವಾಗಿ ಬರೆದಿಟ್ಟುಕೊಳ್ಳಬೇಕೆಂದು ಇಂದಿನ ಗ್ರಂಥಪಾಲರಿಗೆ ಕಲಿಸುವರು. ಆರ್ನಿಗೆ ಅದನ್ನು ಹೇಳಿಕೊಟ್ಟವರು ಯಾರೂ ಇರಲಿಲ್ಲ. ಆ ವ್ಯಸನದ ಬಳಿಕ ಆತನು ಬದುಕಿದ್ದುದು ಒಂದು ವರ್ಷಕ್ಕೆ ಸ್ವಲ್ಪ ಹೆಚ್ಚು ಮಾತ್ರ.

ಎರವಲಿನ ವಿಚಾರದಲ್ಲಿ ಬಾಡ್ಲಿಯನ್ನಿನವರು ದೊರೆಗೂ ಜಗ್ಗಲಿಲ್ಲ. 1645ರ ಡಿಸೆಂಬರಿನಲ್ಲಿ, ಅಂತರ್ಯುದ್ಧದ ಕಾಲ, ಮೊದಲನೆಯ ಚಾರ್ಲ್ಸ್ ದೊರೆಯು ಆಕ್ಸ್‌ಫರ್ಡಿನಲ್ಲಿಯೇ ಬೀಡುಬಿಟ್ಟಿದ್ದು ಒಂದು ಫ್ರೆಂಚ್ ಇತಿಹಾಸಗ್ರಂಥವನ್ನು ಕೇಳಿಕಳುಹಿಸಿದನು. ಗ್ರಂಥಪಾಲನಾದ ಜಾನ್ ರೌಸನು ಕಟ್ಟಳೆಗಳನ್ನು ತೋರಿಸಿದನು, ದೊರೆಯು ಸುಮ್ಮನಾದನು. 1654ರಲ್ಲಿ ಕ್ರಾಮ್ವೆಲ್ಲನಿಗೂ ಅದೇ ಉತ್ತರ ದೊರೆಯಿತು. ಕಟ್ಟಳೆಯನ್ನು ಅಧಿಕಾರಕ್ಕೆ ತಕ್ಕಂತೆ ಬಗ್ಗಿಸದಿರುವುದು ಆಳುಗಳಿಗೂ ಒಂದು ರಕ್ಷಣೆಯೇ. ರೌಸನು ತನ್ನ ಹೆಸರಿನಲ್ಲಿ ಇಲ್ಲವೆನ್ನಬೇಕಾಗಿರಲಿಲ್ಲ. ಹಾರ್ವರ್ಡಿನ ಒಂದು ಪುಸ್ತಕವನ್ನು ಎರವಲೇ ಉಳಿಸಿತಲ್ಲ ಎಂದು ಯಾರಾದರೂ ಕೇಳಿಯಾರು. ಅದಕ್ಕೆ ಎದುರಾಗಿ 1880ರ ಸಂಗತಿಯನ್ನು ಹೇಳಬಹುದು. ರೋಮಿನ ಚರಿತ್ರಕಾರನಾದ ಮಾಮ್‌ಸೆನ್ನನ ಮನೆಗೆ ಆ ವರ್ಷ ಬೆಂಕಿ ಬಿದ್ದಾಗ, ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯದಿಂದ ಆತನು ತಂದಿಟ್ಟುಕೊಂಡಿದ್ದ, ಯೊರ್ದಾನೆಸನ ಇತಿಹಾಸಗಳ ಪ್ರಾಚೀನ ಹಸ್ತಪ್ರತಿಯು ಸುಟ್ಟುಹೋಯಿತು. ಹಾರ್ವರ್ಡಿನ ಪುಸ್ತಕಕ್ಕೆ ಅಚ್ಚಿನಲ್ಲಿ ಬೇರೆ ಪ್ರತಿಗಳಿದ್ದುವು, ಹಸ್ತಪ್ರತಿಗೆ ಇರಲಿಲ್ಲ.

ಇತ್ತ ಆಕ್ಸ್‌ಫರ್ಡಿನಲ್ಲಿ ಸರಪಳಿಗಳನ್ನು 1757ರಿಂದ ಬಿಚ್ಚತೊಡಗಿದರು. ಚಳಿಯು ಮಾತ್ರ ಇನ್ನೂ ಒಂದು ಶತಮಾನದಷ್ಟು ಕಾಲ ಉಳಿಯಿತು. ಹೊರಗಿನಿಂದ ಶಾಖವನ್ನು ತರುವ ಏರ್ಪಾಡು ನೆಲೆಗೊಂಡುದು 1845ರ ಸುಮಾರಿಗೆ. ದೀಪವಿಲ್ಲದುದರಿಂದ ಚಳಿಗಾಲದಲ್ಲಿ ದಿನಕ್ಕೆ ಐದು ಗಂಟೆಗಳ ಕಾಲವಷ್ಟೇ ಬಾಗಿಲು ತೆರೆದಿರುತ್ತಿದ್ದುದೂ ಉಂಟು. ಸೂರ್ಯನು ಇಳಿದರೆ ಬೀಗ. ಆಳುಗಳ ಪಾಲಿಗೆ ಇದೊಂದೇ ಕರುಣೆಯಾಗಿದ್ದಿರಬೇಕು. 1862ರಲ್ಲಿ, ಗುಮ್ಮಟದಿಂದ ಪ್ರಸಿದ್ಧವಾದ ನೆರೆಯ ರಾಡ್‌ಕ್ಲಿಫ್ ಕ್ಯಾಮೆರ ಎಂಬ ಕಟ್ಟಡವು ಓದುವ ಶಾಲೆಯಾಗಿ ಭಂಡಾರಕ್ಕೆ ಸೇರಿದ ಮೇಲೆ, ಅಲ್ಲಿ ಬೆಂಕಿಯ ಭಯ ಕಡಮೆಯೆಂದು ರಾತ್ರಿ ಹತ್ತು ಗಂಟೆಯವರೆಗೆ ದೀಪದ ಬೆಳಕಿನಲ್ಲಿ ಓದಗೊಟ್ಟರು. ಓದುವವರಿಗೆ ಲಾಭವಾಯಿತು, ಪುಸ್ತಕಗಳನ್ನು ಹೊತ್ತು ತರುವವರ ದಿನವು ಬೆಳೆಯಿತು. ಹಳೆಯ ಶಾಲೆಗೆ ವಿದ್ಯುದ್ದೀಪ ಬರಲು 1929ರವರೆಗೆ ಕಾಯಬೇಕಾಯಿತು.

1882ರಿಂದ 1912ರವರೆಗೆ ಗ್ರಂಥಪಾಲನಾಗಿದ್ದ ನಿಕಲ್ಸನ್ನನು ಕೆಲಸಕ್ಕೆ ಹುಡುಗರನ್ನು ಸೇರಿಸಿಕೊಂಡು, 1902ರಿಂದ ಆಳುಗಳಿಗಾಗಿ ಒಂದು ಪಂಚಾಂಗವನ್ನೇ ಅಚ್ಚುಹಾಕಿಸತೊಡಗಿದನು. ಯಾವ ದಿನ ಯಾರು ಏನು ಮಾಡಬೇಕೆಂಬುದು ಅದರಲ್ಲಿ ತಿಥಿವಾರವೆಂಬಂತೆ ನಮೂದಾಗಿರುತ್ತಿದ್ದಿತು. ಅತಿಯಾದ ಕ್ರಮನಿಷ್ಠೆಯೆಂದು ಇದನ್ನು ಕಂಡು ನಗಬಹುದು. ಆದರೆ ಮುನ್ನೂರು ವರ್ಷ ಪುಸ್ತಕಗಳಿಗೆ ಮಾತ್ರ ಪಟ್ಟಿಯಿದ್ದ ಕಡೆ ಕೆಲಸಗಾರನ ದಿನಕ್ಕೂ ಒಂದು ಪಟ್ಟಿ ಬಂದುದು ಸಣ್ಣ ಸಂಗತಿಯಲ್ಲ.

ಪುಸ್ತಕದ ಹಿತಕ್ಕಾಗಿ ಮಾಡಿದ ಉಪಾಯವು ಮನುಷ್ಯನಿಗೆ ಅಪಾಯವಾಗುವ ಬಗೆಯು ಚಳಿಯೊಡನೆಯೇ ಮುಗಿಯಲಿಲ್ಲ. ಡೆನ್ಮಾರ್ಕಿನ ಓಡೆನ್ಸೆಯಲ್ಲಿರುವ ವಿಶ್ವವಿದ್ಯಾನಿಲಯದಲ್ಲಿ ಹದಿನಾರು ಹದಿನೇಳನೆಯ ಶತಮಾನಗಳ ಮೂರು ಪುಸ್ತಕಗಳ ರಟ್ಟಿಗೆ ಇನ್ನೂ ಹಳೆಯ ಹಸ್ತಪ್ರತಿಗಳ ಹಾಳೆಗಳನ್ನು ಬಳಸಿದ್ದರು. ಆ ಬರಹವನ್ನು ಓದಬೇಕೆಂದರೆ ಮೇಲೆ ಬಳಿದಿದ್ದ ಹಸಿರು ಬಣ್ಣವು ಅಡ್ಡವಾಯಿತು. ಎಕ್ಸ್‌ಕಿರಣಗಳಿಂದ ಪರೀಕ್ಷಿಸಲಾಗಿ, ಆ ಬಣ್ಣದಲ್ಲಿ ಆರ್ಸೆನಿಕ್ ಎಂಬ ಪಾಷಾಣವು ಸೇರಿದ್ದುದು ಕಂಡಿತು. 2018ರಲ್ಲಿ ಈ ಸಂಗತಿಯು ಪ್ರಕಟವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಯಾರೋ ಹುಳುಗಳು ತಿನ್ನದಿರಲೆಂದು ಅದನ್ನು ಬಳಿದಿರಬೇಕೆಂದು ಪರೀಕ್ಷಕರು ಊಹಿಸಿದರು. ಆ ಮೂರು ಪುಸ್ತಕಗಳನ್ನು ಎಚ್ಚರಿಕೆಯ ಚೀಟಿ ಅಂಟಿಸಿದ ಬೇರೆಬೇರೆ ರಟ್ಟಿನ ಪೆಟ್ಟಿಗೆಗಳಲ್ಲಿರಿಸಿ, ಗಾಳಿಯಾಡುವ ಒಂದು ಬೀರುವಿನಲ್ಲಿ ಪ್ರತ್ಯೇಕವಾಗಿ ಇಟ್ಟರು.