ಒಂಟೆ ಎಳೆದ ಶವವಾಹನ

ಫ್ರೆಂಚ್ ನಿರ್ದೇಶಕ ರೆನೆ ಕ್ಲೇರ್ 1924ರಲ್ಲಿ ತೆಗೆದ ‘ಆಂತ್ರಾಕ್ತ್’ ಎಂಬ ಕಿರುಚಿತ್ರದಲ್ಲಿ ಒಂದು ಶವಯಾತ್ರೆ ಬರುತ್ತದೆ. ಶವವಾಹನವನ್ನು ಎಳೆಯುವುದು ಕುದುರೆಯಲ್ಲ, ಒಂಟೆ. ಹಿಂಬಾಲಿಸುವವರು ನಿಧಾನಗತಿಯಲ್ಲಿ ಕುಪ್ಪಳಿಸುತ್ತಾರೆ. ಆಮೇಲೆ ವಾಹನ ಬೇರ್ಪಟ್ಟು ತಾನೇ ಓಡತೊಡಗುತ್ತದೆ. ಜನ ಅದರ ಬೆನ್ನಟ್ಟುತ್ತಾರೆ. ಅದು ಎಂಥ ವಾಹನವೆಂದು ಗುರುತಿಸಿದರೆ, ನಾವು ಯಾವುದನ್ನು ಕಂಡು ನಗುತ್ತಿದ್ದೇವೆ ಎಂಬುದೂ ತಿಳಿಯುತ್ತದೆ.

ಫ್ರೆಂಚರು ಶವವಾಹನವನ್ನು ‘ಕೊರ್ಬಿಯಾರ್’ ಎನ್ನುತ್ತಾರೆ. ಮೂಲದಲ್ಲಿ ಅದು ಸೇನ್ ನದಿಯಲ್ಲಿ ಕೊರ್ಬೇಯ್ ಪಟ್ಟಣಕ್ಕೂ ಪ್ಯಾರಿಸ್ಸಿಗೂ ನಡುವೆ ಪ್ರಯಾಣಿಕರನ್ನು ಸಾಗಿಸುತ್ತಿದ್ದ ದೋಣಿಯ ಹೆಸರು. ಮುಂದೆ ಅದು ದೊಡ್ಡ ಸಾರೋಟಿಗೆ, ಕೊನೆಗೆ ಹೆಣ ಒಯ್ಯುವ ಗಾಡಿಗೆ ಅಂಟಿಕೊಂಡಿತು.

ಈ ಗಾಡಿಯನ್ನು ಒದಗಿಸುವ ಹಕ್ಕು ಯಾರದು ಎಂಬುದು ಫ್ರಾನ್ಸಿನಲ್ಲಿ ರಾಜಕೀಯದ ಪ್ರಶ್ನೆಯಾಗಿತ್ತು. 1804ರ ಆಜ್ಞೆ ಅದನ್ನು ಚರ್ಚಿನ ಆಡಳಿತ ಮಂಡಳಿಗಳಿಗೆ ಏಕಸ್ವಾಮ್ಯವಾಗಿ ಕೊಟ್ಟಿತು. ಅಂತ್ಯಕ್ರಿಯೆಗೂ ದರ್ಜೆಗಳಿದ್ದವು, ಹಣ ಹೆಚ್ಚಿದಷ್ಟೂ ಕುದುರೆಗಳೂ ಕರಿಬಟ್ಟೆಯ ಅಲಂಕಾರವೂ ಹೆಚ್ಚುತ್ತಿದ್ದವು. 1904ರ ಡಿಸೆಂಬರ್ 28ರ ಕಾನೂನು ಶವವಾಹನ ಹಾಗೂ ಶವಪೆಟ್ಟಿಗೆಗಳ ಹೊಣೆಯನ್ನು ಚರ್ಚಿನಿಂದ ಕಿತ್ತು ಪುರಸಭೆಗಳಿಗೆ ವಹಿಸಿತು. ಪ್ಯಾರಿಸ್ಸಿನ ಈಶಾನ್ಯ ಭಾಗದಲ್ಲಿ, ಓಬರ್‌ವಿಲಿಯೇ ಬೀದಿಯ 104ನೆಯ ಸಂಖ್ಯೆಯ ವಿಶಾಲ ಕಟ್ಟಡ ನಗರದ ಅಂತ್ಯಕ್ರಿಯಾ ಸೇವೆಯ ಕೇಂದ್ರವಾಗಿತ್ತು. ಕುದುರೆಗಳ ಲಾಯ ಅದರ ನೆಲಮಾಳಿಗೆಯಲ್ಲಿತ್ತು.

ಹೀಗಾಗಿ 1924ರ ಪ್ರೇಕ್ಷಕನಿಗೆ ಶವವಾಹನವೆಂದರೆ ಸರ್ಕಾರಿ ಗಾಂಭೀರ್ಯ, ದರ್ಜೆ, ಶಿಸ್ತು. ಮೃತರ ಮನೆತನದ ಮೊದಲಕ್ಷರವನ್ನು ಕರಿಬಟ್ಟೆಯ ಮೇಲೆ ತೂಗುಹಾಕುವುದು ಅಲ್ಲಿನ ರೂಢಿ. ಚಿತ್ರದ ವಾಹನದ ಮೇಲಿರುವುದಾದರೋ ಜೀವಂತವಾಗಿದ್ದ ಇಬ್ಬರ ಮೊದಲಕ್ಷರಗಳು: ಚಿತ್ರದ ಕಲ್ಪನೆಯನ್ನು ಕೊಟ್ಟ ಕಲಾವಿದ ಫ್ರಾನ್ಸಿಸ್ ಪಿಕಾಬಿಯಾ, ಸಂಗೀತ ರಚಿಸಿದ ಎರಿಕ್ ಸಾತಿ. ಕುದುರೆಯ ಜಾಗದಲ್ಲಿ ಒಂಟೆ, ಮೃತನ ಜಾಗದಲ್ಲಿ ಜೀವಂತರು. ಕೊನೆಗೆ ಪೆಟ್ಟಿಗೆ ಉರುಳಿಬಿದ್ದಾಗ ಅದರೊಳಗಿಂದ ಜಾದೂಗಾರನೊಬ್ಬ ಎದ್ದು ಬಂದು ಎಲ್ಲರನ್ನೂ ಮಾಯಮಾಡುತ್ತಾನೆ. ಕೋಟ್ಯಂತರ ಜನರನ್ನು ಬಲಿತೆಗೆದುಕೊಂಡ ಮಹಾಯುದ್ಧ ಮುಗಿದು ಆಗ ಆರೇ ವರ್ಷ. ಸಾವಿನ ಸರ್ಕಾರಿ ಗಾಂಭೀರ್ಯವನ್ನು ಆ ಪೀಳಿಗೆ ನಂಬದೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ಸಾತಿ 1925ರ ಜುಲೈ 1ರಂದು ತೀರಿಕೊಂಡರು. ಶವವಾಹನದ ಏಕಸ್ವಾಮ್ಯ 1993ರ ಕಾನೂನಿನಿಂದ ಕೊನೆಗೊಂಡಿತು. ಓಬರ್‌ವಿಲಿಯೇ ಬೀದಿಯ ಆ ಕಟ್ಟಡ 2008ರಿಂದ ಕಲಾಕೇಂದ್ರವಾಗಿದೆ. ಹೆಣದ ಗಾಡಿಗಳು ಹೊರಡುತ್ತಿದ್ದ ಅಂಗಳದಲ್ಲಿ ಈಗ ತರುಣ ತರುಣಿಯರು ನೃತ್ಯಾಭ್ಯಾಸ ಮಾಡುತ್ತಾರೆ.