ಟರ್ಬೊ ಜೀವ ಪೈಪಿನಲ್ಲಿದೆ

ಲಾರಿ, ಬೋರ್‌ವೆಲ್ ಗಾಡಿ, ಡೀಸೆಲ್ ಕಾರು, ಈಗ ಎಲ್ಲಿ ನೋಡಿದರೂ ಟರ್ಬೊ. ಎಂಜಿನ್ ಉಗುಳುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಅದೇ ದಂಡದ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಿದರೆ ಹೆಚ್ಚು ಡೀಸೆಲ್ ಉರಿಸಬಹುದು, ಬಲವೂ ಹೆಚ್ಚುತ್ತದೆ.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಈ ಉಪಾಯಕ್ಕೆ 1905ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ಫಲ ಕಾಣಲು ಸುಮಾರು 20 ವರ್ಷ ಬೇಕಾಯಿತು. ಜರ್ಮನಿಯ ಎರಡು ಪ್ರಯಾಣಿಕರ ಹಡಗುಗಳಲ್ಲಿ 1,750 ಅಶ್ವಶಕ್ತಿಯ ಎಂಜಿನ್ ಟರ್ಬೊ ಬಲದಿಂದ 2,500 ಕೊಟ್ಟಿತು.

ಅದೇ ಹೊತ್ತಿಗೆ, 1925ರಲ್ಲಿ, ಬ್ಯೂಖಿ ಮಾಡಿಸಿದ ಇನ್ನೊಂದು ಪೇಟೆಂಟ್ ಪೈಪಿನದು. ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಂದೇ ದೊಡ್ಡ ಕೊಳವೆಗೆ ಬಿಟ್ಟರೆ ರಭಸ ಕರಗುತ್ತದೆ. ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರುತ್ತದೆ. ಅದಕ್ಕೆ ಅವರು ಉರಿಯುವ ಸರದಿ ನೋಡಿ ಸಿಲಿಂಡರುಗಳನ್ನು ಗುಂಪು ಮಾಡಿ, ಗುಂಪಿಗೊಂದು ಸಣ್ಣ ಪೈಪು ಕೊಟ್ಟರು.

ನಾಲ್ಕು ಸಿಲಿಂಡರಿನ ಕಾರಿನಲ್ಲಿ ಸಾಮಾನ್ಯವಾಗಿ ಸರದಿ 1-3-4-2. ಎರಡು ಬಾಯಿಯ ಟರ್ಬೊಗೆ ಕೈಯಾರೆ ಮ್ಯಾನಿಫೋಲ್ಡ್ ಕಟ್ಟುವವರು ಇಂದಿಗೂ 1 ಮತ್ತು 4ನ್ನು ಒಂದು ಬಾಯಿಗೆ, 2 ಮತ್ತು 3ನ್ನು ಇನ್ನೊಂದಕ್ಕೆ ಬೆಸುಗೆ ಹಾಕುವುದು ಆ ಲೆಕ್ಕದಲ್ಲೇ.

ಹಾಗಾಗಿ ಮ್ಯಾನಿಫೋಲ್ಡ್ ಬಿರುಕು ಬಿಟ್ಟಾಗ ಕೈಗೆ ಸಿಕ್ಕ ಪೈಪು ಜೋಡಿಸಬೇಡಿ. ಪೈಪು ಸರಿಯಿಲ್ಲದಿದ್ದರೆ ಹೊಸ ಟರ್ಬೊ ಹಾಕಿದರೂ ಪೂರ್ತಿ ಬಲ ಬಾರದು.