ಖಾಲಿ ಕುರ್ಚಿಗಳ ಲೆಕ್ಕ: ಓಕ್ಲೆಂಡ್, ಜೂನ್ 2023

ಭಾಗ 1

ಮೊನ್ನೆ ಕ್ಯಾಂಟೀನಲ್ಲಿ ನನ್ನ ಹಸಿರು ಕ್ಯಾಪ್ ನೋಡಿ ಒಬ್ಬ ಕೇಳಿದ, "ಇದ್ಯಾವ ಟೀಮ್ ಮಗಾ?" ಓಕ್ಲೆಂಡ್ ಅಥ್ಲೆಟಿಕ್ಸ್, ಬೇಸ್‌ಬಾಲ್ ಅಂದೆ. ತಕ್ಷಣ ಫೋನ್ ತೆಗೆದು ಹುಡುಕಿದ. "ಓಕ್ಲೆಂಡಲ್ಲಿ ಈ ಟೀಮೇ ಇಲ್ವಲ್ಲೋ. ಜನ ಮ್ಯಾಚಿಗೆ ಬರ್ತಿರ್ಲಿಲ್ಲ, ಊರು ಬಿಟ್ರು ಅಂತಿದೆ. ಜನ ಬರ್ದೇ ಇದ್ರೆ ಓನರ್ ತಾನೇ ಏನ್ ಮಾಡ್ತಾನೆ? ಬಿಸಿನೆಸ್ ಅಲ್ವಾ?"

ಬಿಕಾಂ ಓದೋರು ಕೇಳಬೇಕಾದ ಪ್ರಶ್ನೆನೇ. ಆದ್ರೆ ಇಡ್ಲಿ ಮುಗಿಯೋದ್ರೊಳಗೆ ಉತ್ತರ ಹೇಳೋಕಾಗಲ್ಲ. ಅದಕ್ಕೇ ಈ ಸರಣಿ. ಒಟ್ಟು ಆರು ಪೋಸ್ಟ್, ಎಲ್ಲಾ ಓದಿ ಪ್ಲೀಸ್. (ಕ್ಯಾಪ್ ಡೂಪ್ಲಿಕೇಟ್, ಆನ್‌ಲೈನಲ್ಲಿ ತರಿಸಿದ್ದು. ಅದರ ಬಗ್ಗೆ ಕಾಮೆಂಟ್ ಬೇಡ.)

ನಾನು ಈ ಟೀಮಿಗೆ ಅಂಟಿಕೊಂಡಿದ್ದು 'ಮನಿಬಾಲ್' ಸಿನಿಮಾ ನೋಡಿ. ಕಥೆ 2002ರದ್ದು. ಹಿಂದಿನ ವರ್ಷ 102 ಮ್ಯಾಚ್ ಗೆದ್ದ ಟೀಮಿನಿಂದ ದೊಡ್ಡ ದೊಡ್ಡ ಆಟಗಾರರು ಹೆಚ್ಚು ದುಡ್ಡು ಕೊಡೋ ಕಡೆಗೆ ಹೋಗಿಬಿಟ್ಟಿದ್ದರು. ಜೇಸನ್ ಜಿಯಾಂಬಿಯನ್ನು ನ್ಯೂಯಾರ್ಕ್ ಯಾಂಕೀಸ್ 12 ಕೋಟಿ ಡಾಲರ್‌ಗೆ ಎತ್ತಿಕೊಂಡು ಹೋಯಿತು. ಯಾಂಕೀಸ್‌ನ ಸಂಬಳದ ಬಿಲ್ಲು ಸುಮಾರು 12.5 ಕೋಟಿ ಡಾಲರ್, ಓಕ್ಲೆಂಡ್‌ದು ಸುಮಾರು 4 ಕೋಟಿ. ಮೇ ತಿಂಗಳಲ್ಲಿ ಓಕ್ಲೆಂಡ್ 20 ಗೆದ್ದು 25 ಸೋತಿತ್ತು. ಆಮೇಲೆ ಆಗಸ್ಟ್ 13ರಿಂದ ಸೆಪ್ಟೆಂಬರ್ 4ರವರೆಗೆ ಒಂದೂ ಸೋಲದೆ ಸತತ 20 ಗೆಲುವು. ಇಪ್ಪತ್ತನೇ ಮ್ಯಾಚಲ್ಲಿ 11-0 ಮುಂದಿದ್ದವರು 11-11 ಮಾಡಿಕೊಂಡು, ಕೊನೆಗೆ ಸ್ಕಾಟ್ ಹ್ಯಾಟ್‌ಬರ್ಗ್ ಹೊಡೆದ ಹೋಮ್ ರನ್ನಿಂದ ಗೆದ್ದರು. ಆವತ್ತು ಸ್ಟೇಡಿಯಂನಲ್ಲಿದ್ದವರು 55,528 ಜನ.

ಈ ಸಂಖ್ಯೆ ನೆನಪಿಟ್ಟುಕೊಳ್ಳಿ. "ಜನ ಬರಲ್ಲ" ಅಂತ ಹೇಳಿದ್ದು ಇದೇ ಊರಿನ ಬಗ್ಗೆ.

ಭಾಗ 2

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಒಂದೇ ವಿಷಯ. ಒಂದು ಸೀಸನ್‌ಗೆ 162 ಮ್ಯಾಚ್. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ ಹೆಚ್ಚುಕಮ್ಮಿ ದಿನಾ ಆಟ. ನಮ್ಮ ಆರ್‌ಸಿಬಿ 2024ರಲ್ಲಿ ಮೊದಲ 8ರಲ್ಲಿ 1 ಗೆದ್ದು, ಆಮೇಲೆ ಸತತ 6 ಗೆದ್ದು ಪ್ಲೇ ಆಫ್‌ಗೆ ಹೋಗಿದ್ದು ನೆನಪಿದೆಯಲ್ಲ? ಲೀಗ್ ಹಂತದಲ್ಲಿ 14 ಮ್ಯಾಚ್ ಇರೋದರಿಂದ ಅದು ಸಾಧ್ಯ ಆಯ್ತು. 162ರಲ್ಲಿ ಅಂಥ ಒಂದು ವಾರ ಸಮುದ್ರಕ್ಕೆ ಹಾಕಿದ ಉಪ್ಪು. ಸೋತ ದುಃಖಕ್ಕೂ ಟೈಮಿಲ್ಲ, ಗೆದ್ದ ಖುಷಿಗೂ ಟೈಮಿಲ್ಲ, ನಾಳೆ ಮತ್ತೆ ಮ್ಯಾಚ್.

2023ರ ಓಕ್ಲೆಂಡ್‌ಗೆ ಖುಷಿ ಅನ್ನೋದೇ ಇರಲಿಲ್ಲ. ಹಿಂದಿನ ಒಂದು ವರ್ಷದಲ್ಲಿ ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್‌ಮನ್, ಶಾನ್ ಮರ್ಫಿ, ಹೀಗೆ ಜನ ಯಾರನ್ನು ನೋಡೋಕೆ ಬರುತ್ತಿದ್ದರೋ ಅವರನ್ನೆಲ್ಲ ಬೇರೆ ಟೀಮುಗಳಿಗೆ ಕೊಟ್ಟಾಗಿತ್ತು. ಇಡೀ ಲೀಗ್‌ನಲ್ಲಿ ಅತಿ ಕಡಿಮೆ ಸಂಬಳದ ಬಿಲ್ಲು ಇವರದ್ದೇ. ಅದೇ ಹೊತ್ತಿಗೆ ಸೀಸನ್ ಟಿಕೆಟ್ ಬೆಲೆ ಏರಿಸಿದ್ದರು. ಸರಕು ಕೆಡಿಸಿ ಬೆಲೆ ಏರಿಸಿದ್ರೆ ಬೇಡಿಕೆ ಏನಾಗುತ್ತೆ ಅಂತ ಫಸ್ಟ್ ಸೆಮ್‌ನಲ್ಲೇ ಓದಿದ್ದೀವಿ.

ಏಪ್ರಿಲ್‌ನಲ್ಲಿ ಟೀಮ್ ಆಡಳಿತ ಲಾಸ್ ವೇಗಸ್‌ನಲ್ಲಿ ಜಾಗ ನೋಡಿದ್ದೀವಿ, ಅಲ್ಲಿಗೆ ಹೋಗ್ತೀವಿ ಅಂತ ಹೇಳಿತು. ಸೀಸನ್ ಶುರುವಾಗಿ ಮೂರು ವಾರ ಆಗಿತ್ತು ಅಷ್ಟೇ. ಇನ್ನೂ ಐದು ತಿಂಗಳು ಅದೇ ಊರಲ್ಲಿ, ಅದೇ ಜನರ ಮುಂದೆ ಆಡಬೇಕು! ಮೇ 15ರ ಮ್ಯಾಚಿಗೆ ಬಂದವರು 2,064 ಜನ. ನಮ್ಮ ಕಾಲೇಜ್ ಫೆಸ್ಟ್‌ಗೆ ಇದಕ್ಕಿಂತ ಹೆಚ್ಚು ಜನ ಸೇರ್ತಾರೆ. ಜೂನ್ ಮೊದಲ ವಾರದಲ್ಲಿ ಲೆಕ್ಕ: 12 ಗೆಲುವು, 50 ಸೋಲು.

ಟಿವಿಯವರೂ ಪೇಪರಿನವರೂ ಖಾಲಿ ಕುರ್ಚಿಗಳ ಫೋಟೋ ತೆಗೆದು ತೋರಿಸಿದ್ದೇ ತೋರಿಸಿದ್ದು. ನೋಡಿ, ಈ ಊರಿಗೆ ಟೀಮ್ ಬೇಕಾಗಿಲ್ಲ ಅಂತ.

ಭಾಗ 3

ಸ್ವಲ್ಪ ಹಿಂದಕ್ಕೆ ಹೋಗೋಣ, ಯಾಕಂದ್ರೆ ಈ ಫೋಟೋ ಓಕ್ಲೆಂಡ್ ಮೊದಲೂ ನೋಡಿತ್ತು.

ಈ ಟೀಮ್ 1901ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾಗಿದ್ದು. 1955ರಲ್ಲಿ ಕನ್ಸಾಸ್ ಸಿಟಿ, 1968ರಲ್ಲಿ ಓಕ್ಲೆಂಡ್. 1972, 73, 74 ಮೂರೂ ವರ್ಷ ವರ್ಲ್ಡ್ ಸೀರೀಸ್ ಗೆದ್ದರು. ಆಗಿನ ಓನರ್ ಚಾರ್ಲಿ ಫಿನ್ಲಿ. ಆಮೇಲೆ ಸ್ಟಾರ್‌ಗಳೆಲ್ಲ ಚದುರಿಹೋದರು, ಫಿನ್ಲಿ ಟೀಮ್ ಮಾರೋಕೆ ನಿಂತ, ಖರ್ಚು ಕಡಿಮೆ ಮಾಡಿದ. 1979ರಲ್ಲಿ 54 ಗೆಲುವು, 108 ಸೋಲು. ಇಡೀ ವರ್ಷಕ್ಕೆ ಬಂದವರು 306,763 ಜನ, ಅಂದರೆ ಮ್ಯಾಚಿಗೆ ಸುಮಾರು 3,800. ಏಪ್ರಿಲ್‌ನ ಒಂದು ದಿನ 653 ಜನ. ತಪ್ಪಾಗಿ ಟೈಪ್ ಮಾಡಿಲ್ಲ, ಆರು ನೂರ ಐವತ್ತಮೂರೇ.

1980ರಲ್ಲಿ ಹಾಸ್ ಕುಟುಂಬ ಟೀಮನ್ನು ಕೊಂಡಿತು. ಲೀವೈಸ್ ಜೀನ್ಸ್ ಗೊತ್ತಲ್ಲ, ಅದೇ ಮನೆಯವರು. ಆಟಗಾರರ ಮೇಲೆ ದುಡ್ಡು ಹಾಕಿದರು, ಊರಿನ ಜೊತೆ ಸಂಬಂಧ ಬೆಳೆಸಿದರು. 1988, 89, 90 ಮೂರೂ ವರ್ಷ ಟೀಮ್ ವರ್ಲ್ಡ್ ಸೀರೀಸ್ ತಲುಪಿತು, 89ರಲ್ಲಿ ಗೆದ್ದಿತು. 1990ರಲ್ಲಿ ಬಂದವರು 2,900,217 ಜನ. ಮ್ಯಾಚಿಗೆ ಸುಮಾರು 35,800.

ಅದೇ ಊರು. ಅದೇ ಸ್ಟೇಡಿಯಂ. ನಡುವೆ ಹನ್ನೊಂದು ವರ್ಷ.

ಇಲ್ಲೊಂದು ತಮಾಷೆ ಇದೆ. 2005ರಿಂದ ಈ ಟೀಮಿನ ಒಡೆತನದಲ್ಲಿರೋ ಜಾನ್ ಫಿಶರ್ ಗ್ಯಾಪ್ ಬಟ್ಟೆ ಕಂಪನಿ ಕಟ್ಟಿದವರ ಮಗ. ಗ್ಯಾಪ್ ಅಂಗಡಿ 1969ರಲ್ಲಿ ಶುರುವಾದಾಗ ಮಾರುತ್ತಿದ್ದದ್ದು ಲೀವೈಸ್ ಪ್ಯಾಂಟ್! ಒಂದು ಮನೆ ಟೀಮ್ ಉಳಿಸಿದ್ದೂ, ಇನ್ನೊಂದು ಮನೆ ಊರು ಬಿಡಿಸಿದ್ದೂ ಒಂದೇ ಪ್ಯಾಂಟಿನ ದುಡ್ಡಲ್ಲಿ.

ಭಾಗ 4

ಈಗ ಜೂನ್ 2023. 12-50 ಆಗಿದ್ದ ಟೀಮ್ ಇದ್ದಕ್ಕಿದ್ದಂತೆ ಗೆಲ್ಲೋಕೆ ಶುರುಮಾಡ್ತು. ಪಿಟ್ಸ್‌ಬರ್ಗ್ ವಿರುದ್ಧ ಗೆದ್ದರು. ಮಿಲ್ವಾಕಿಗೆ ಹೋಗಿ ಮೂರಕ್ಕೆ ಮೂರೂ ಗೆದ್ದರು. ಮನೆಗೆ ಬಂದು ಟ್ಯಾಂಪಾ ಬೇ ರೇಸ್ ವಿರುದ್ಧ ಮೊದಲ ಮ್ಯಾಚೂ ಗೆದ್ದರು. ರೇಸ್ ಆವರೆಗೆ ಇಡೀ ಲೀಗ್‌ನಲ್ಲೇ ಮೇಲಿದ್ದ ಟೀಮ್, ಸೀಸನ್ ಶುರು ಮಾಡಿದ್ದೇ ಸತತ 13 ಗೆಲುವಿನಿಂದ. ಸತತ ಆರು ಗೆಲುವು ಆಗಿತ್ತು. ಯಾಕೆ ಗೆದ್ದರು ಅಂತ ನನ್ನ ಕೇಳಬೇಡಿ. ಬೇಸ್‌ಬಾಲ್‌ನಲ್ಲಿ ಕೆಲವು ಸಲ ಹಾಗೇ.

ಜೂನ್ 13ರ ಮ್ಯಾಚಿಗೆ ಅಭಿಮಾನಿಗಳು ಮೊದಲೇ ಒಂದು ಪ್ಲಾನ್ ಹಾಕಿದ್ದರು. ಹೆಸರು 'ರಿವರ್ಸ್ ಬಾಯ್ಕಾಟ್'. ಬಹಿಷ್ಕಾರ ಅಂದ್ರೆ ಹೋಗದೇ ಇರೋದು, ಇದು ಉಲ್ಟಾ. ಒಂದೇ ಒಂದು ರಾತ್ರಿ ಎಲ್ಲರೂ ಬನ್ನಿ, ನಾವಿದ್ದೀವಿ ಅಂತ ತೋರಿಸೋಣ. ವಾರದ ಮಧ್ಯದ ಮಂಗಳವಾರ, ಆಟಗಾರರ ಬೊಂಬೆ ಹಂಚೋ ಆಸೆ ಇಲ್ಲ, ಪಟಾಕಿ ಇಲ್ಲ. ಅಭಿಮಾನಿ ಸಂಘಗಳೇ ದುಡ್ಡು ಸೇರಿಸಿ ಸಾವಿರಾರು ಹಸಿರು ಟೀ ಶರ್ಟ್ ಹಂಚಿದವು. ಅದರ ಮೇಲೆ ನಾಲ್ಕೇ ಇಂಗ್ಲಿಷ್ ಅಕ್ಷರ: ಸೆಲ್. ಮಾರು. ಟೀಮನ್ನು ಬೇರೆಯವರಿಗೆ ಮಾರು ಅಂತ ಓನರ್‌ಗೆ.

ಬಂದವರು 27,759 ಜನ.

ನಮ್ಮಲ್ಲಿ ಅದು ಬುಧವಾರ ಬೆಳಿಗ್ಗೆ. ನಾನಾಗ ಸೆಕೆಂಡ್ ಪಿಯುಸಿ ಮುಗಿಸಿ ಡಿಗ್ರಿ ಅಡ್ಮಿಷನ್‌ಗೆ ಓಡಾಡ್ತಿದ್ದೆ. ಆವತ್ತು ಅರ್ಜಿ ಕೊಡೋಕೆ ಹೋಗಬೇಕಿತ್ತು, ನಾನು ಹಾಸಿಗೆ ಮೇಲೇ ಫೋನ್ ಹಿಡಿದು ಕೂತಿದ್ದೆ. "ಯಾವ ದೇಶದ್ದೋ ಆಟ, ಇಲ್ಲಿ ದೋಸೆ ಚಪ್ಪಲಿ ಆಗ್ತಿದೆ" ಅಂತ ಅಮ್ಮ ಅಡುಗೆಮನೆಯಿಂದ. ಬಂದೆ ಅಮ್ಮಾ, ಐದನೇ ಇನ್ನಿಂಗ್ಸ್ ಅಂದೆ.

ಐದನೇ ಇನ್ನಿಂಗ್ಸ್‌ನಲ್ಲಿ ಆಗಿದ್ದು ಇದು. ಮೊದಲ ಬ್ಯಾಟರ್ ಆಡಿ ಮುಗಿಯುವವರೆಗೆ ಅಷ್ಟೂ ಜನ ಮೌನ. ಒಂದು ಚಪ್ಪಾಳೆ ಇಲ್ಲ, ಡ್ರಮ್ ಇಲ್ಲ. ಟೀಮ್ ಹೋದ ಮೇಲೆ ಈ ಜಾಗ ಹೀಗಿರುತ್ತೆ ಅಂತ ಕೇಳಿಸಿದ ಹಾಗೆ. ಆಮೇಲೆ ಒಂದೇ ಸಲ ಎಲ್ಲರೂ ಎದ್ದು, ಟೀಮ್ ಮಾರು, ಟೀಮ್ ಮಾರು ಅಂತ ಕೂಗು. ಆ ವಿಡಿಯೋ ಈಗಲೂ ಸಿಗುತ್ತೆ. ಹೆಡ್‌ಫೋನ್ ಹಾಕಿಕೊಂಡು ನೋಡಿ.

ಓಕ್ಲೆಂಡ್ 2-1ರಿಂದ ಗೆದ್ದಿತು. ಸತತ ಏಳನೇ ಗೆಲುವು. ಲೆಕ್ಕ 19-50. ಆಗಲೂ ಸೋಲೇ ಜಾಸ್ತಿ ಇದ್ದ ಟೀಮೇ. ಆದ್ರೆ ಆ ಜನ ಕುಣಿದಿದ್ದು ನೋಡಿದ್ರೆ ಕಪ್ ಗೆದ್ದವರ ಹಾಗೆ. ಓನರ್ ಮೇಲಿನ ಸಿಟ್ಟೂ, ಹುಡುಗರ ಮೇಲಿನ ಪ್ರೀತಿಯೂ ಒಂದೇ ಗಂಟಲಲ್ಲಿ ಬರಬಹುದು ಅಂತ ನನಗೆ ಗೊತ್ತಾಗಿದ್ದು ಅವತ್ತು. ದೋಸೆ ನಿಜಕ್ಕೂ ಚಪ್ಪಲಿ ಆಗಿತ್ತು.

ಭಾಗ 5

ಅದೇ ದಿನ, ಅದೇ ಜೂನ್ 13ರಂದು, ನೆವಾಡಾ ರಾಜ್ಯದ ಸೆನೆಟ್ ಲಾಸ್ ವೇಗಸ್‌ನ ಹೊಸ ಸ್ಟೇಡಿಯಂಗೆ 38 ಕೋಟಿ ಡಾಲರ್‌ವರೆಗೆ ಸರ್ಕಾರಿ ದುಡ್ಡು ಕೊಡೋ ಮಸೂದೆಯನ್ನು 13-8 ಮತಗಳಿಂದ ಪಾಸ್ ಮಾಡಿತು. ಮರುದಿನ ಕೆಳಮನೆ. ಅದರ ಮರುದಿನ ಗವರ್ನರ್ ಸಹಿ. ಅಷ್ಟರಲ್ಲಿ ಟೀಮೂ ರೇಸ್ ವಿರುದ್ಧ 6-3ರಿಂದ ಸೋತು, ಗೆಲುವಿನ ಸಾಲು ಮುರಿದಿತ್ತು.

ಲೀಗ್‌ನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಪತ್ರಕರ್ತರ ಮುಂದೆ ಹೇಳಿದ್ದರ ಅರ್ಥ: ಒಂದು ರಾತ್ರಿಗಾದರೂ ಲೀಗ್‌ನ ಸರಾಸರಿಗೆ ಹತ್ತಿರ ಜನ ಬಂದಿದ್ದು ಒಳ್ಳೇದೇ. ವ್ಯಂಗ್ಯ. ಓದಿ ನನಗೇ ಉರಿದಿತ್ತು, ಅಲ್ಲಿನವರಿಗೆ ಹೇಗಾಗಿರಬೇಡ.

ಟೀಮ್ ಆಡಳಿತ ಆ ರಾತ್ರಿಯ ಟಿಕೆಟ್ ದುಡ್ಡು 811,107 ಡಾಲರನ್ನು ಊರಿನ ಆಹಾರ ನಿಧಿಗೂ ಶಿಕ್ಷಣ ನಿಧಿಗೂ ಕೊಟ್ಟುಬಿಟ್ಟಿತು. ಒಳ್ಳೆ ಕೆಲಸ, ಇಲ್ಲ ಅನ್ನಲ್ಲ.

ಓನರ್ ಪರವಾಗಿಯೂ ಹೇಳಬೇಕಾದ್ದಿದೆ. ಆ ಸ್ಟೇಡಿಯಂ 1966ರದ್ದು, ಹಾಳಾಗಿತ್ತು. ಡ್ರೆಸ್ಸಿಂಗ್ ರೂಮಿಗೆ ಚರಂಡಿ ನೀರು ನುಗ್ಗಿದ್ದಿದೆ. 2023ರಲ್ಲಿ ಕಾಮೆಂಟರಿ ಬೂತಲ್ಲಿ ಪಾಸಮ್ ಅನ್ನೋ ಪ್ರಾಣಿ ಸಂಸಾರ ಹೂಡಿತ್ತು. ಫ್ರೀಮಾಂಟ್, ಸ್ಯಾನ್ ಹೋಸೆ, ಓಕ್ಲೆಂಡ್ ಬಂದರಿನ ದಡ ಅಂತ ಹೊಸ ಜಾಗಕ್ಕೆ ವರ್ಷಗಟ್ಟಲೆ ಪ್ರಯತ್ನ ಆಗಿ, ಒಂದೊಂದೂ ಒಂದೊಂದು ಕಾರಣಕ್ಕೆ ಬಿದ್ದುಹೋಯ್ತು. ಊರಿನ ಕೌನ್ಸಿಲ್‌ನದ್ದೂ ತಪ್ಪಿರಬಹುದು.

ಆದ್ರೆ ಲೆಕ್ಕ ನೋಡಿ. 2005ರಲ್ಲಿ ಟೀಮ್ ಕೊಂಡ ಬೆಲೆ 18 ಕೋಟಿ ಡಾಲರ್. 2023ರಲ್ಲಿ ಫೋರ್ಬ್ಸ್ ಅಂದಾಜಿನ ಪ್ರಕಾರ ಅದರ ಬೆಲೆ 100 ಕೋಟಿ ದಾಟಿತ್ತು. ಜೊತೆಗೆ ಲೀಗ್‌ನಲ್ಲಿ ಶ್ರೀಮಂತ ಟೀಮುಗಳ ಆದಾಯದಲ್ಲಿ ಬಡ ಟೀಮುಗಳಿಗೆ ಪಾಲು ಕೊಡೋ ವ್ಯವಸ್ಥೆ ಇದೆ. 2024ರ ಜನವರಿ 15ರೊಳಗೆ ಸ್ಟೇಡಿಯಂ ಒಪ್ಪಂದ ಆಗದಿದ್ದರೆ ಓಕ್ಲೆಂಡ್‌ಗೆ ಆ ಪಾಲು ತಪ್ಪುತ್ತಿತ್ತು. ಅವಸರ ಯಾತಕ್ಕೆ ಅಂತ ಈಗ ಅರ್ಥ ಆಯ್ತಾ? ಕುರ್ಚಿ ಖಾಲಿ ಇದ್ರೂ ಆಸ್ತಿ ಬೆಲೆ ಏರ್ತಾನೇ ಇತ್ತು. ನಷ್ಟ ಆಗಿ ಅಂಗಡಿ ಮುಚ್ಚಿದ ಕಥೆ ಇದಲ್ಲ.

ನನ್ನ ಅಜ್ಜಿ ಊರಿಗೆ ದಿನಕ್ಕೆ ನಾಲ್ಕು ಬಸ್ ಇತ್ತು. ಎರಡು ನಿಂತವು. ಉಳಿದ ಎರಡು ಯಾವಾಗ ಬರುತ್ತೆ ಅಂತ ಯಾರಿಗೂ ಗೊತ್ತಿಲ್ಲದ ಹಾಗಾಯ್ತು. ಜನ ಆಟೋ ಹತ್ತಿದರು. ಆಮೇಲೆ ಜನ ಹತ್ತಲ್ಲ ಅಂತ ಅವೂ ನಿಂತವು. ಅಜ್ಜಿಗೆ ಬೇಸ್‌ಬಾಲ್ ಗೊತ್ತಿಲ್ಲ, ಆದ್ರೆ ಓಕ್ಲೆಂಡ್ ಕಥೆ ಹೇಳಿದಾಗ ತಟ್ಟಂತ ಅರ್ಥ ಆಯ್ತು.

ಭಾಗ 6 (ಕೊನೇದು)

2023 ಮುಗಿದಾಗ 50 ಗೆಲುವು, 112 ಸೋಲು. ಓಕ್ಲೆಂಡ್‌ಗೆ ಬಂದ ಮೇಲೆ ಟೀಮ್ ಕಂಡ ಅತಿ ಹೆಚ್ಚು ಸೋಲು. ಇಡೀ ವರ್ಷಕ್ಕೆ 832,352 ಜನ, ಲೀಗ್‌ನಲ್ಲೇ ಕಡಿಮೆ. ನವೆಂಬರ್ 16ರಂದು ಲೀಗ್‌ನ ಓನರ್‌ಗಳು ಓಟು ಹಾಕಿದರು: 30-0, ಊರು ಬಿಡೋಕೆ ಒಪ್ಪಿಗೆ. ಊರು ಬದಲಿಸೋಕೆ ಕಟ್ಟಬೇಕಾದ ಫೀಸನ್ನೂ ಮಾಫಿ ಮಾಡಿದರು. ಎಕ್ಸಾಮ್ ಫೀಸ್ ಒಂದು ದಿನ ತಡವಾದ್ರೆ ನಮಗೆ ಫೈನ್.

2024ರ ಸೆಪ್ಟೆಂಬರ್ 26, ಓಕ್ಲೆಂಡ್‌ನಲ್ಲಿ ಕೊನೇ ಮ್ಯಾಚ್. 46,889 ಜನ ಬಂದರು. 3-2ರಿಂದ ಗೆದ್ದರು. ಮ್ಯಾಚ್ ಆದ ಮೇಲೆ ಮ್ಯಾನೇಜರ್ ಮಾರ್ಕ್ ಕಾಟ್ಸೇ ಮೈದಾನದಲ್ಲಿ ಮೈಕ್ ಹಿಡಿದು ಜನರಿಗೆ ಥ್ಯಾಂಕ್ಸ್ ಹೇಳಿ, ಕೊನೇ ಸಲ ಓಕ್ಲೆಂಡ್ ಹೆಸರು ಕೂಗಿಸಿದರು. ನಾನು ಸೆಮಿನಾರ್ ಇದ್ರೂ ಕಾಲೇಜಿಗೆ ಹೋಗಲಿಲ್ಲ. ಮನೇಲಿ ಜ್ವರ ಅಂದೆ. (ಅಮ್ಮ ಈ ಅಕೌಂಟ್ ಫಾಲೋ ಮಾಡಲ್ಲ, ಯಾರೂ ಟ್ಯಾಗ್ ಮಾಡಬೇಡಿ.)

ಟೀಮ್ ಈಗ ಸ್ಯಾಕ್ರಮೆಂಟೋದಲ್ಲಿ ಸುಮಾರು 14,000 ಜನ ಹಿಡಿಯೋ ಚಿಕ್ಕ ಮೈದಾನದಲ್ಲಿ ಆಡ್ತಿದೆ. 2028ಕ್ಕೆ ಲಾಸ್ ವೇಗಸ್ ಅಂತೆ. ಓಕ್ಲೆಂಡ್‌ನಲ್ಲಿ ಬ್ಯಾಲರ್ಸ್ ಅಂತ ಒಂದು ಸಣ್ಣ ಸ್ವತಂತ್ರ ಟೀಮ್ ಹುಟ್ಟಿಕೊಂಡಿದೆ. 2024ರಿಂದ ರೈಮಂಡಿ ಪಾರ್ಕ್‌ನಲ್ಲಿ ಆಡ್ತಿದ್ದಾರೆ, ಅಭಿಮಾನಿಗಳಿಗೇ ಷೇರು ಮಾರಿದ್ದಾರೆ. ಕಾರ್ಪೊರೇಟ್ ಅಕೌಂಟಿಂಗ್ ಪುಸ್ತಕದಲ್ಲಿ ಇಂಥ ಒಂದು ಉದಾಹರಣೆ ಹಾಕಿದ್ರೆ ನಾವೂ ಕ್ಲಾಸಲ್ಲಿ ಎಚ್ಚರ ಇರ್ತಿದ್ವಿ.

ಕ್ಯಾಂಟೀನ್ ಗೆಳೆಯಾ, ನಿನ್ನ ಪ್ರಶ್ನೆಗೆ ಬರ್ತೀನಿ. ಜನ ಬರ್ಲಿಲ್ಲ, ನಿಜ. ಯಾವಾಗ ಬರ್ಲಿಲ್ಲ, ಅದಕ್ಕೆ ಮೊದಲು ಏನಾಯ್ತು ಅಂತ ಎರಡು ಕಾಲಂ ಹಾಕಿ ಬರ್ಕೋ. 1979, 1990, 2002, 2023, ನಾಲ್ಕು ಎಂಟ್ರಿ ಸಾಕು. ಆಮೇಲೆ ಪಾಪ ಯಾರು ಅಂತ ನೀನೇ ಹೇಳು, ಟೀ ನಾನು ಕೊಡಿಸ್ತೀನಿ.

ನನ್ನ ಫೋನಿನ ಸ್ಕೋರ್ ಆ್ಯಪ್‌ನಲ್ಲಿ ಈಗ ಬರೀ 'ಅಥ್ಲೆಟಿಕ್ಸ್' ಅಂತ ಬರುತ್ತೆ, ಮುಂದೆ ಯಾವ ಊರಿನ ಹೆಸರೂ ಇಲ್ಲ. ನೋಟಿಫಿಕೇಶನ್ ಇನ್ನೂ ಆಫ್ ಮಾಡಿಲ್ಲ.

#ಹಸಿರುಕ್ಯಾಪ್ #ಬೇಸ್‌ಬಾಲ್ #ಓಕ್ಲೆಂಡ್ #ಬಿಕಾಂಹುಡುಗ